ಬಿಲ್ಲೆ

ಹೊಸ ಆವೃತ್ತಿ ಬಂದಿದೆ ಅಂತ
ರಾತ್ರಿ ಪಾಳಿ ಮುಗಿಸಿ ಬಂದವನಿಗೆ
ಗೋಡೆಯ ಗೂಡಿನಿಂದ ಒಂದು ಹಳದಿ ದೀಪ ಹೇಳಿತು.

ಹಟ್ಟಿ ಕ್ಯಾಂಪಿನ ಈ ಕ್ವಾರ್ಟರ್ಸಿನಲ್ಲಿ
ಆ ಗೂಡಿನಲ್ಲಿ ಮೊದಲಿದ್ದದ್ದು ಸೀಮೆಎಣ್ಣೆ ಬುಡ್ಡಿ,
ಆಮೇಲೆ ರೇಡಿಯೋ,
ಈಗ ಗುಜರಿ ಹರಾಜಿನಲ್ಲಿ ಒಂಬೈನೂರಕ್ಕೆ ತಂದ ಕಂಪ್ಯೂಟರು.
ಒಳಗೆ ನಾಲ್ಕು ಡಿಸ್ಕು, ನಾಲ್ಕಕ್ಕೂ ಬೇರೆ ಬೇರೆ ಅಳತೆ,
ಎಲ್ಲ ಸೇರಿ ಒಂದೇ ತೊಟ್ಟಿಯ ಹಾಗೆ ಕಾಣಲಿ ಅಂತ
ಒಂದು ಆಡ್‌-ಆನ್‌.

ತಿಪ್ಪಮ್ಮ ಅದನ್ನು ಸರ್ವರ್‌ ಅನ್ನುವುದಿಲ್ಲ,
'ನಿಮ್ಮ ಗುಂಯ್‌ಗುಡೂದು' ಅನ್ನುತ್ತಾಳೆ.
ಅದರ ಬೆನ್ನು ಸದಾ ಬಿಸಿ.
ಮಳೆ ಹಿಡಿದರೆ ನನ್ನ ಸಾಕ್ಸು ಅಲ್ಲಿ ಒಣಹಾಕುತ್ತಾಳೆ.

ಸಾಲಿನ ಹನ್ನೊಂದು ಮನೆಯವರದ್ದೂ ಅದರೊಳಗಿದೆ:
ಅಮರೇಗೌಡನ ಹೊಲದ ಪಹಣಿ,
ಲಾಲಬೀಯ ಮೊಮ್ಮಗನ ಅಂಕಪಟ್ಟಿ,
ಮೊಹರಮ್ಮಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ
ಖಾಜಾಹುಸೇನ ಹೇಳಿದ ಪದ ಹದಿನಾಲ್ಕು,
ನಡುನಡುವೆ ಅವನ ಕೆಮ್ಮು.
ಕೆಮ್ಮು ಸೋಸಿ ತೆಗೆಯುವ ಆಡ್‌-ಆನೂ ಇದೆಯಂತೆ.
ಹಾಕಿಲ್ಲ.

ಇಪ್ಪತ್ತಾರು ವರ್ಷದಿಂದ ನಾನು ಲ್ಯಾಂಪ್‌ ರೂಮಿನವನು.
ಕೆಳಗಿಳಿಯುವವ ಹಿತ್ತಾಳೆ ಬಿಲ್ಲೆ ಕೊಟ್ಟು ದೀಪ ಒಯ್ಯುತ್ತಾನೆ,
ಮೇಲೆ ಬಂದವ ದೀಪ ಕೊಟ್ಟು ಬಿಲ್ಲೆ ಒಯ್ಯುತ್ತಾನೆ.
ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಒಂದು ಬಿಲ್ಲೆ ತೂಗುತ್ತಿದ್ದರೆ
ನನಗೆ ತುತ್ತು ಇಳಿಯುವುದಿಲ್ಲ.
ನನ್ನ ವಿದ್ಯೆ ಇಷ್ಟೇ.

ಯಂತ್ರಕ್ಕೂ ಅಂಥದೊಂದು ಹುಡುಕಿ ಹಾಕಿದ್ದೆ.
ಇರುಳು ಎರಡಕ್ಕೆ ಎದ್ದು
ಒಂದೊಂದು ಕಡತವನ್ನೂ ಹೆಸರು ಹಿಡಿದು ಕರೆಯುತ್ತದೆ,
ನಿನ್ನೆ ಇದ್ದ ಹಾಗೇ ಇದ್ದೀಯಾ, ಎಲ್ಲಾದರೂ ಸವೆದೆಯಾ,
ಬೆಳಿಗ್ಗೆ ಒಂದೇ ಸಾಲು ಬರೆದಿಡುತ್ತದೆ:
ಇಳಿದವರು ಇಷ್ಟು, ಬಂದವರು ಇಷ್ಟು.
ಅದು ಹಾಗೆ ಬರೆಯುವುದಿಲ್ಲ, ನಾನು ಹಾಗೆ ಓದಿಕೊಳ್ಳುತ್ತೇನೆ.

ಬಚ್ಚಲ ಕಟ್ಟೆಯ ಮೇಲೆ ಕೂತು, ಕಾಲು ಬಕೆಟ್ಟಿನಲ್ಲಿಟ್ಟು,
ಹೊಸದರ ಸುದ್ದಿ ಮೊಬೈಲಿನಲ್ಲಿ ಓದಿದೆ.
ಮೊದಲ ಪುಟದ ಬಣ್ಣ ಬದಲಾಗಿದೆ.
ಟೀವಿಗೆ ನೇರ ಸಿನಿಮಾ ಕಳಿಸಬಹುದು.
ಹವಾಮಾನ ತೋರಿಸುವ ಆಡ್‌-ಆನ್‌ ಬಂದಿದೆ
(ಹಟ್ಟಿಯ ಹವಾಮಾನಕ್ಕೆ ಯಂತ್ರ ಯಾಕೆ,
ಮಧ್ಯಾಹ್ನ ಚಪ್ಪಲಿ ಬಿಟ್ಟು ಅಂಗಳಕ್ಕಿಳಿದರೆ ಆಯಿತು).
ಕೊನೆಗೆ ಸಣ್ಣ ಅಕ್ಷರದಲ್ಲಿ
ಇನ್ನು ಮುಂದೆ ನಡೆಯದವು ಅಂತ ಮೂರು ಹೆಸರು.
ಎರಡನೆಯದು ನನ್ನದು.

ಬರೆದವನಿಗೆ ಪತ್ರ ಹಾಕಿದೆ, ಯಾವ ದೇಶದವನೋ.
ಮೂರನೇ ದಿನಕ್ಕೆ ಉತ್ತರ ಬಂತು:
ಬಿಟ್ಟು ನಾಲ್ಕು ವರ್ಷವಾಯಿತು,
ನನ್ನ ಮನೆಯಲ್ಲೀಗ ಸರ್ವರೇ ಇಲ್ಲ,
ಇನ್ನೂ ಯಾರೋ ನಡೆಸುತ್ತಾರೆಂದು ಗೊತ್ತಿರಲಿಲ್ಲ.
ನಿಮ್ಮ ಯಂತ್ರ ಎಲ್ಲಿದೆ?
ಚಿನ್ನದ ಗಣಿಯ ಮೇಲೆ, ಅಂತ ಬರೆದೆ.
ನಗುವ ಮುಖ ಕಳಿಸಿದ. ನಂಬಲಿಲ್ಲ ಅನ್ನಿಸುತ್ತದೆ.

ನಮ್ಮಲ್ಲೂ ಬಿಲ್ಲೆ ಹೋಗುತ್ತದಂತೆ.
ಬೆರಳಿಟ್ಟರೆ ಸಾಕಂತೆ, ಪರದೆ ಹಸಿರಾಗುತ್ತದಂತೆ.
ಬೆರಳು!
ಬಂಡೆ ಮುಟ್ಟಿ ಮುಟ್ಟಿ ಅರ್ಧ ಪಾಳಿಯ ಜನಕ್ಕೆ
ಗೆರೆಗಳೇ ಉಳಿದಿಲ್ಲ ಬೆರಳಲ್ಲಿ.

ನಿನ್ನೆ ಬೆಳಿಗ್ಗೆ ಆ ಸಾಲು ಕೆಂಪಾಗಿತ್ತು.
ಒಂದು ಕಡತ ಕರೆದರೆ ಓಗೊಟ್ಟಿರಲಿಲ್ಲ.
ಖಾಜಾಹುಸೇನನ ಒಂಬತ್ತನೇ ಪದ.
ಚಹಾ ಆರಿತು.
ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇತ್ತು, ಎತ್ತಿ ತಂದು ಕೂಡಿಸಿ
ದೊಡ್ಡದಾಗಿ ಹಚ್ಚಿ ಕೇಳಿದೆ:
ಪದ, ಹಲಗೆ, ಗೆಜ್ಜೆ, ಕೆಮ್ಮು, ಎಲ್ಲರೂ ಬಂದಿದ್ದರು.
ಗೋಡೆಯಾಚೆಯಿಂದ ಖಾಜಾಹುಸೇನ ಕೂಗಿದ,
'ಏ, ಯಾವನವ ನನ್ನಂಗ ಹಾಡಲಿಕತ್ತಾನ?
ತಾಳ ತಪ್ಪೈತಿ ಅಲ್ಲಿ!'

ಹಳದಿ ದೀಪ ಇವತ್ತೂ ಹೊತ್ತಿದೆ.
ಈಗಲೇ ಹಾಕಲಾ, ಆಮೇಲಾ, ಅನ್ನುತ್ತದೆ ಪರದೆ.
ನಾನು 'ಆಮೇಲೆ' ಒತ್ತಿ
ಕೈ ಅಲ್ಲೇ ಇಟ್ಟುಕೊಂಡು ನಿಂತಿದ್ದೇನೆ.

'ಏನಂತದು?' ಒಳಗಿನಿಂದ ತಿಪ್ಪಮ್ಮ.
'ಹೊಸಾದು ಬಂದೈತಂತ.'
'ಬರಲಿ ಬಿಡ್ರಿ. ಇವತ್ತ ಮಾತ್ರ ಅದನ್ನ ಆರಿಸಬ್ಯಾಡ್ರಿ,
ಸಾಕ್ಸು ಇನ್ನಾ ಹಸಿ ಅದಾವ.'