ಕೆಳಗೆ ಮನುಷ್ಯರಿದ್ದಾರೆ

ಸಕ್ಕರೆ ಇನ್ನೂರ ಹನ್ನೊಂದು.
ಮಾತ್ರೆ ಬರೆಯಲು ತೆಗೆದ ಪೆನ್ನನ್ನು ಡಾಕ್ಟರು ಮತ್ತೆ ಮುಚ್ಚಿ
‘ಸೆವ್ರಿನ್ ಬಾಯಿ, ಸ್ವಲ್ಪ ಭಾರ ಎತ್ತಿ’ ಎಂದರು.
ಇಪ್ಪತ್ತಮೂರು ವರ್ಷ ಎತ್ತಿದ ಲೆಜ್ಜರು
ಲೆಕ್ಕಕ್ಕಿಲ್ಲವಂತೆ.

ಹಂಪನಕಟ್ಟೆಯಲ್ಲಿ ಸೊಸೈಟಿ, ಎರಡನೇ ಮಾಳಿಗೆ.
ಐದೂವರೆಗೆ ಬಿಡುಗಡೆ,
ಏಳೂ ಹತ್ತಕ್ಕೆ ಪಕ್ಷಿಕೆರೆಗೆ ನನ್ನ ಬಸ್ಸು.
ನಡುವಿನ ನೂರು ನಿಮಿಷದಲ್ಲಿ
ಮೀನಿಗೆ ಹದಿನೈದು,
ಸ್ಟೇಟ್‌ಬ್ಯಾಂಕಿಗೆ ಇಳಿಯಲು ಹತ್ತು,
ಬೆವರಲು ಉಳಿದದ್ದು.
ಜಿಮ್ಮು ಹತ್ತಿರ ಇರಬೇಕು. ಬೇರೆ ಷರತ್ತಿಲ್ಲ.

ಬಲ್ಮಠದ್ದು ಚಂದ ಉಂಟು. ಎಲ್ಲಿ ನೋಡಿದರೂ ಗಾಜು.
ಒಳಗೆ ಓಡುವವರು ರಸ್ತೆಗೆ ಕಾಣುತ್ತಾರೆ
ಐಸಿನ ಮೇಲಿಟ್ಟ ಅಂಜಲಿನ ಹಾಗೆ, ಹೊಳೆಯುತ್ತ.
ವರ್ಷದ ಹಣ ಒಟ್ಟಿಗೇ ಎಂದಳು ಹುಡುಗಿ,
ನನ್ನ ಚಪ್ಪಲಿ ನೋಡಿ
ಕಂತೂ ಉಂಟು ಎಂದಳು.

ಫಳ್ನೀರಿನದ್ದು ಐದನೇ ಮಾಳಿಗೆ, ಲಿಫ್ಟು ಹಾಳು.
ಕಂಬಿ ಹಿಡಿದು ಹಿಡಿದು ಹತ್ತಿ
ಮಾತು ಬರುವವರೆಗೆ ನಿಂತು ಕೇಳಿದೆ.
‘ಹೆಂಗಸರಿಗೆ ಹನ್ನೊಂದರಿಂದ ನಾಲ್ಕು.’
ಆಫೀಸಿಗೆ ಹೋಗುವವಳು ಹೆಂಗಸಲ್ಲವೆಂದು
ಅಂದೇ ನನಗೆ ಗೊತ್ತಾದದ್ದು.

ಬಂದರಿನ ಗಲ್ಲಿಯಲ್ಲಿ, ಒಣಮೆಣಸಿನ ಮಂಡಿಯ ಹಿಂದೆ
ಹಳೇ ವ್ಯಾಯಾಮಶಾಲೆ.
ಮಾರ್ನೆಮಿಗೆ ಹುಲಿ ಹಾಕುವ ಹುಡುಗರು
ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ
ತಲೆಯ ಮೇಲಿಂದ ಹಿಂದಕ್ಕೆಸೆಯಲು ಕಲಿಯುತ್ತಿದ್ದರು.
‘ಬಾಯಮ್ಮನಿಗೆ ಹಲ್ಲು ಗಟ್ಟಿ ಉಂಟಾ?’
ಮುದುಕ ಉಸ್ತಾದ ಕುಶಾಲಿಗೆ ಕೇಳಿದ್ದಲ್ಲ.
ಮೆಣಸಿನ ಘಾಟಿಗೆ ಮೂರು ಸಲ ಸೀನಿ
ತಿರುಗಿ ಬಂದೆ.

ಇಷ್ಟನ್ನೂ ಕೇಳಿಸಿಕೊಂಡ ಜಲಜಾಕ್ಷಿ
ಬುತ್ತಿಯ ಮುಚ್ಚಳ ಕೈಯಲ್ಲೇ ಹಿಡಿದು ಮೇಲೆ ನೋಡಿದಳು.
ಮೇಲೆ ಅಂದರೆ ತಾರಸಿ.
ತಾರಸಿ ಅಂದರೆ
ಧಡ್.

ಎರಡು ವರ್ಷದಿಂದ ಆ ಧಡ್.
ಠೇವಣಿಗೆ ಬಂದ ಅಜ್ಜಂದಿರು
ಗುಡುಗೆಂದು ಕೊಡೆ ತಡಕುತ್ತಿದ್ದರು.
ಒಮ್ಮೆ ಸುಣ್ಣದ ಚಕ್ಕೆಯೊಂದು
ಮ್ಯಾನೇಜರ್ ಬಾಳಿಗರ ಚಹಾದಲ್ಲಿ ಬಿದ್ದು ತೇಲಿತು.
ಆಗ ದೂರು ಬರೆದವಳು ನಾನು, ನನ್ನ ಕೈಯಕ್ಷರದಲ್ಲಿ:
ಮಾನ್ಯರೇ, ತಾವು ಎತ್ತುವುದಕ್ಕೆ ನಮ್ಮ ತಕರಾರಿಲ್ಲ.
ಇಳಿಸುವುದನ್ನು ದಯಮಾಡಿ ನಿಧಾನ ಇಳಿಸಿರಿ.
ಕೆಳಗೆ ಮನುಷ್ಯರಿದ್ದೇವೆ.

ಹದಿನೆಂಟು ಮೆಟ್ಟಿಲು.
ಇಷ್ಟು ವರ್ಷ ಇಳಿಯುವುದಕ್ಕೆ ಮಾತ್ರ ಬಳಸಿದ ಏಣಿಯ
ಇನ್ನೊಂದು ಮೈ.

ಲತೇಶ್ ಪುತ್ರನ್, ತಣ್ಣೀರುಬಾವಿಯ ಹುಡುಗ,
ಅಪ್ಪನ ಜೊತೆ ಬಲೆ ಎಳೆದ ತೋಳು.
ತಿಂಗಳಿಗೆ ಏಳುನೂರು, ಯಾವಾಗ ಬೇಕಾದರೂ ಬನ್ನಿ,
ಫ್ಯಾನು ಎರಡೇ ಉಂಟು.
ಕನ್ನಡಿಯ ಪಕ್ಕ ಲ್ಯಾಮಿನೇಟಾಗಿ ನೇತಾಡುತ್ತಿತ್ತು
ನನ್ನ ಪತ್ರ.
ಕೊನೆಯ ಸಾಲಿನ ‘ದ್ದೇವೆ’ ಹೊಡೆದು
ಕೆಂಪು ಶಾಯಿಯಲ್ಲಿ ‘ದ್ದಾರೆ’ ಮಾಡಿದ್ದರು.
‘ಕೆಳಗಿನ ಸೊಸೈಟಿಯ ಯಾರೋ ಅಜ್ಜಿ ಬರೆದದ್ದು, ಮೇಡಂ.
ಪಾಪದವರು ಇರಬೇಕು.’
ಹೌದಾ, ಎಂದೆ.

ಎತ್ತುವುದು ಸಲೀಸು.
ಇಳಿಸುವಾಗಲೇ ತೋಳು ನಡುಗುವುದು,
ಬಾವಿಯ ಹಗ್ಗ ಕೈಬಿಡುವ ಮುಂಚಿನ ಹಾಗೆ.
‘ಇನ್ನೂ ನಿಧಾನ, ಇನ್ನೂ ನಿಧಾನ,
ಇಳಿಸುವುದರಲ್ಲೇ ಇರುವುದು ಲಾಭ’
ಎನ್ನುತ್ತಾನೆ ಲತೇಶ.
ಅವನಿಗೆ ಗೊತ್ತಿಲ್ಲ, ಅದು ನನ್ನ ವಾಕ್ಯ.

ಈ ಹೊತ್ತು ತಿಂಗಳ ಕೊನೆ.
ಕೆಳಗೆ ಬಾಳಿಗರು ಒಬ್ಬರೇ,
ಚಹಾದ ಲೋಟ ಮುಚ್ಚುವ ಅಭ್ಯಾಸ ಅವರಿಗಿಲ್ಲ.
ಹದಿಮೂರು. ಹದಿನಾಲ್ಕು.
ಬೆರಳು ಬೆವರಿದೆ.
ಪತ್ರದ ಕಡೆ ಬೆನ್ನು ಹಾಕಿ ನಿಂತಿದ್ದೇನೆ.
ಹದಿನೈದು.

ಧಡ್.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಉಂಟು.