ಬರೀ ಕತ್ತರಿ ಸದ್ದು

ರಂಗಯ್ಯನ ಬಾಗಿಲ ಹತ್ತಿರ ನನ್ನದೊಂದು ಅಂಗಡಿ,
ಎರಡು ಕುರ್ಚಿ, ಮೂರು ಕನ್ನಡಿ, ಒಂದು ಬಿರುಕು ಬಿಟ್ಟದ್ದು.
ಭಾನುವಾರ. ಬೆಂಚಿನ ಮೇಲೆ ಐದು ಜನ.
ಗೋಡೆಯ ಟೀವಿಯಲ್ಲಿ ಯಾವುದೋ ದೇಶ:
ಎದೆ ತುಂಬ ಪದಕ ಹಾಕಿಕೊಂಡವನು
ಕಾಗದ ಹಿಡಿದು ಓದುತ್ತಿದ್ದಾನೆ, ಕಣ್ಣು ಎತ್ತದೆ.
ಕೆಳಗೆ ಓಡುವ ಅಕ್ಷರ: ಸಂವಿಧಾನ ರದ್ದು, ರಾತ್ರಿ ಕರ್ಫ್ಯೂ.

ಟೈಲ್ಸ್ ಅಂಗಡಿ ಚಂದ್ರಮೌಳಿ ಆಗ ನನ್ನ ಕೈಕೆಳಗಿದ್ದ,
ಕೆನ್ನೆಗೆ ನೊರೆ, ಕೊರಳಿಗೆ ಬಿಳಿ ಬಟ್ಟೆ.
"ನಮ್ಮಲ್ಲೂ ಹಿಂಗೇ ಆಗ್ಬೇಕು ಕಣಯ್ಯಾ.
ಐದೇ ವರ್ಷ ಮಿಲ್ಟ್ರಿ ಕೈಗೆ ಕೊಡ್ರಿ, ಸಾಕು.
ನೀರು ಬಿಡೋದು ಎಂಟು ದಿನಕ್ಕೊಮ್ಮೆ,
ಈ ರಸ್ತೆ ಅಗೆದದ್ದು ಇದು ನಾಲ್ಕನೇ ಸಲ,
ಒಬ್ಬೊಬ್ಬನ್ನೂ ಸಾಲಾಗಿ ನಿಲ್ಲಿಸಿ..." ಅಂದವನೇ
ಕೈ ಬೀಸಿದ. ಕತ್ತಿ ಹಿಂದಕ್ಕೆಳೆದುಕೊಂಡೆ,
ಇಲ್ಲದಿದ್ದರೆ ಅವನ ಕಿವಿ ನನ್ನ ಕೈಗೆ ಬರುತ್ತಿತ್ತು.

ಆಟೋ ಜಬೀವುಲ್ಲಾ ನಕ್ಕ: "ಗುಂಡಿ ಮುಚ್ಚಿದ್ರೆ
ಯಾರು ಬಂದ್ರೂ ನಂಗೆ ಓಕೆ." ಸ್ವಲ್ಪ ತಡೆದು,
"ಆದ್ರೆ ಸಾಲಲ್ಲಿ ಮೊದಲು ಯಾರನ್ನ ನಿಲ್ಲಿಸ್ತಾರೆ
ಅನ್ನೋದೂ ಗೊತ್ತು ಬಿಡ್ರಿ."
ಆ ಮಾತಿಗೆ ಯಾರೂ ನಗಲಿಲ್ಲ.

ಮೂಲೆಯಲ್ಲಿ ಸುಬೇದಾರ್ ಪಾಲಯ್ಯ. ರಿಟೈರ್ ಆಗಿ ಒಂಬತ್ತು ವರ್ಷ,
ಇಂದಿಗೂ ಬೆಂಚಿಗೆ ಬೆನ್ನು ತಾಗಿಸಿ ಕೂರುವವನಲ್ಲ.
ಪೇಪರನ್ನು ನಾಲ್ಕಾಗಿ ಮಡಿಸಿದ. ಅಂದ:

"ನೀಲಿ ಹೆಲ್ಮೆಟ್ ಹಾಕ್ಕೊಂಡು ಒಂದು ದೇಶಕ್ಕೆ ಹೋಗಿದ್ದೆ.
ಹೆಸರು ಬ್ಯಾಡ. ಕ್ಯಾಂಪಿನ ಎದುರಿಗೇ ಒಂದು ಕ್ಷೌರದಂಗಡಿ,
ಇದೇ ಥರ, ಇದೇ ಗಲಾಟೆ. ಭಾಷೆ ತಿಳೀತಿರಲಿಲ್ಲ,
ಬೈಗುಳ ಅಂತ ಮಾತ್ರ ತಿಳೀತಿತ್ತು.
ಒಂದಿನ ಬೆಳಿಗ್ಗೆ ರೇಡಿಯೋದಾಗೆ ಬರೀ ಬ್ಯಾಂಡು.
ಮಂತ್ರಿ ಫೋಟೋ ಇಳೀತು, ಜನರಲ್ ಫೋಟೋ ಏರಿತು.
ರಸ್ತೆ ರಿಪೇರಿ ಆತು, ಸುಳ್ಳು ಹೇಳಲ್ಲ. ತಿಂಗಳೊಳಗೆ.
ಟ್ಯಾಂಕು ಓಡಾಡಕ್ಕೆ ರಸ್ತೆ ಬೇಕಲ್ಲ.
ಕ್ಷೌರಕ್ಕೆ ಹೋದೆ. ಆರು ಜನ ಕುಂತಿದ್ರು.
ಬರೀ ಕತ್ತರಿ ಸದ್ದು."

ನನಗೆ ಆ ಸದ್ದು ಕೇಳಿಸಿತು.
ಮೂವತ್ತೆರಡು ವರ್ಷದ ಕಸುಬಿನಲ್ಲಿ ಕೇಳದೇ ಇದ್ದದ್ದು.

"ಹಂಗಾದ್ರೆ ಮಿಲ್ಟ್ರಿ ಕೆಟ್ಟದ್ದಾ?" ಚಂದ್ರಮೌಳಿಗೆ ಸಿಟ್ಟು.
"ಇಪ್ಪತ್ತೆಂಟು ವರ್ಷ ಅನ್ನ ತಿಂದೀನಿ," ಅಂದ ಪಾಲಯ್ಯ,
"ಕೆಟ್ಟದ್ದು ಅಂತೀನಾ?" ನನ್ನ ಕೈ ಕಡೆ ನೋಡಿದ.
"ಇವನ ಕೈಯಾಗೆ ಕತ್ತಿ ಐತೆ. ನಿನ್ನ ಕುತ್ತಿಗೆ ಮ್ಯಾಲೇ ಐತೆ.
ಗಡ್ಡ ತೆಗೀಬೇಕೋ ಬಿಡಬೇಕೋ ಹೇಳೋನು ನೀನು.
ನೀನು ಮಂಕ ಇರಬಹುದು. ಆದ್ರೂ ನೀನೇ."

ಬಾಗಿಲಾಚೆ ಬೆಟ್ಟದ ಬಂಡೆ ಬಿಸಿಲಿಗೆ ಕಾಯುತ್ತಿತ್ತು.
ನಮ್ಮಜ್ಜ ಆ ಕೋಟೆ ತೋರಿಸಿ ಹೇಳುತ್ತಿದ್ದ ದಳವಾಯಿಗಳ ಕತೆ:
ಅರಸನನ್ನು ಇಳಿಸಿದ್ದು, ಬೇಕಾದವನನ್ನು ಕೂರಿಸಿದ್ದು.
ಏಳು ಸುತ್ತು ಕಟ್ಟಿದ್ದು ಹೊರಗಿನವರು ಬಾರದಿರಲೆಂದು,
ದಳವಾಯಿ ಒಳಗೇ ಇದ್ದ.
ಆಗ ನನಗದು ನಿದ್ದೆ ಬರಿಸುವ ಕತೆ.

ದಿನಕ್ಕೆ ಇಪ್ಪತ್ತು ಕುತ್ತಿಗೆ.
ಬಾಕಿ ಉಳಿಸಿಕೊಂಡವರದ್ದು, ನನ್ನ ಜಾತಿ ಹಿಡಿದು ಬೈದವರದ್ದು,
ಓಟಿಗೆ ಬಂದು ಕೈ ಮುಗಿದು ಆಮೇಲೆ ಮುಖ ಮರೆತವರದ್ದು.
ಕಣ್ಣು ಮುಚ್ಚಿ, ಗಂಟಲು ಎತ್ತಿ ಕೊಡುತ್ತಾರೆ.
ಒಂದೇ ಒಂದು ದಿನ ನಾನು ನನ್ನ ಲೆಕ್ಕ ತೀರಿಸಿಕೊಂಡರೆ,
ಅದು ನ್ಯಾಯದ ಲೆಕ್ಕವೇ ಆಗಿರಲಿ,
ನಾಳೆಯಿಂದ ಈ ಕುರ್ಚಿಯಲ್ಲಿ ಯಾರೂ ತೂಕಡಿಸಲಾರರು.

ಚಂದ್ರಮೌಳಿ ಎದ್ದ. ದುಡ್ಡು ಕೊಟ್ಟ, ಚಿಲ್ಲರೆ ಎಣಿಸಿಕೊಂಡ,
ಹೊಸ್ತಿಲ ಮೇಲೆ ನಿಂತು ನಗರಸಭೆಯನ್ನು, ಎಮ್ಮೆಲ್ಲೆಯನ್ನು,
ಎಮ್ಮೆಲ್ಲೆಯ ಭಾಮೈದನನ್ನು ಹೆಸರು ಹಿಡಿದು ಬೈದ,
ಓಣಿಗೆಲ್ಲ ಕೇಳುವಂತೆ.
ಎದುರಿಗೆ ಪೇದೆಯೊಬ್ಬ ಟೀ ಕುಡಿಯುತ್ತ ನಗುತ್ತಿದ್ದ.

ಪಾಲಯ್ಯ ಕುರ್ಚಿಗೆ ಬಂದ. ತಲೆ ಹಿಂದಕ್ಕೆ ಚೆಲ್ಲಿದ.
ಈಗ ಮಾತ್ರ ಬೆನ್ನು ತಾಗಿಸಿದ.
"ಯಾವಾಗಿನ ಥರಾನಾ?" ಕೇಳಿದೆ.
"ಮೀಸೆ ಸ್ವಲ್ಪ ಇಳಿಸು. ಮೊಮ್ಮಗಳಿಗೆ ಚುಚ್ಚುತ್ತಂತೆ."
ಟೀವಿ ಸದ್ದು ತೆಗೆದೆ.
ಬೈಗುಳ ಬರಲಿ ಅಂತ ಬಾಗಿಲು ಹಾಗೇ ಬಿಟ್ಟೆ.