ಒಳಮಡಿಕೆ

ಬೆಲೆಂನ ಔಷಧಿ ಅಂಗಡಿಯಲ್ಲಿ
ತೂಕದ ಯಂತ್ರಕ್ಕೆ ಕಾಸಿಲ್ಲ.
ಚಪ್ಪಲಿ ಬಿಟ್ಟು, ಕಿವಿಯೋಲೆಯನ್ನೂ ಬಿಚ್ಚಿ
ಹತ್ತುತ್ತಾಳೆ ಮರಿಲ್ದಾ, ಉಸಿರು ಹೊರಹಾಕಿ,
ಉಸಿರಿಗೂ ತೂಕವಿದ್ದೀತೆಂದು.

ಹಸಿರು ಗುಳಿಗೆ. ಏಳು ಬೇರಿನ ಸಾರವಂತೆ.
ಬಸ್ ಕಂಡಕ್ಟರಳ ಅರ್ಧ ತಿಂಗಳ ಸಂಬಳ.
ಮೂರು ವಾರ ಎದೆ ಡವಗುಟ್ಟಿತು,
ನಿದ್ದೆ ಇಳಿಯಿತು ಮೊದಲು,
ಆಮೇಲೆ ಎರಡು ಕಿಲೋ.

ಎರಡು ಕಿಲೋ! ಕುಣಿಯುತ್ತ ಬಂದಳು
ದರ್ಜಿ ಜೆನೈಡೆಯ ಬಳಿ:
"ಲಂಗ ಬಿಗಿ ಮಾಡಕ್ಕಾ,
ಮಿಕ್ಕ ಬಟ್ಟೆ ಕತ್ತರಿಸಿ ಎಸೆ."

ಜೆನೈಡೆ ಬಾಯಲ್ಲಿ ಗುಂಡುಸೂಜಿ.
ಹೂಂ ಅಂದಳು, ಹೊಲಿದಳು.
ಕತ್ತರಿ ಮಾತ್ರ ಮುಟ್ಟಲಿಲ್ಲ.
ಮೂವತ್ತು ವರ್ಷ ಈ ಬೀದಿಯ ಸೊಂಟಗಳನ್ನೆಲ್ಲ
ಅಳೆದ ಟೇಪು ಅವಳದು.

ಜೂನ್ ಹೊತ್ತಿಗೆ ಮರಿಲ್ದಾ ಮತ್ತೆ ಬಾಗಿಲಲ್ಲಿ.
ಮಾತಿಲ್ಲ.
ಜೆನೈಡೆ ಲಂಗ ತಿರುವಿ ಹಾಕಿ ದಾರ ಬಿಚ್ಚಿದಳು:
ಎರಡು ಬೆರಳಗಲ ಬಟ್ಟೆ
ಬಣ್ಣ ಮಾಸದೆ ಕಾದು ಕುಳಿತಿತ್ತು.